‘ಇಸ್ಲಾಂಭೀತಿ’: ಒಂದು ಸಮಾಸದ ತೊಡಕು

1997ರ ರನ್ನಿಮೀಡ್ ಟ್ರಸ್ಟ್ ವರದಿಯಿಂದ ಪ್ರಚುರಗೊಂಡ ‘ಇಸ್ಲಾಮೋಫೋಬಿಯಾ’ಕ್ಕೆ ಕನ್ನಡದಲ್ಲಿ ‘ಇಸ್ಲಾಂಭೀತಿ’ ಎಂಬ ರೂಪವುಂಟು. ಇದನ್ನು ನಾವು ಒಪ್ಪಲಾರೆವು. ‘ಚೋರಭಯ’ದಂತೆ ಇದನ್ನೂ ಪಂಚಮೀ ತತ್ಪುರುಷವೆಂದು ಬಿಡಿಸುವುದೇ ಸಹಜ: ಇಸ್ಲಾಮಿನ ದೆಸೆಯಿಂದ ಭೀತಿ. ಚೋರಭಯಕ್ಕೆ ಚೋರನೇ ಕಾರಣ. ಹಾಗೆ ಇಲ್ಲಿಯೂ ಅಂಜುವವನ ಮೇಲಿನ ಆಕ್ಷೇಪವು ಅಂಜಿಕೆಗೆ ಗುರಿಯಾದವರತ್ತ ತಿರುಗಿಬಿಡುತ್ತದೆ. ‘ಇಸ್ಲಾಂವಿರೋಧಿ’ಯೂ ಮೇಲಲ್ಲ: ತತ್ತ್ವವನ್ನು ಪ್ರಶ್ನಿಸುವವನಿಗೂ ಜನರನ್ನು ದೂರವಿಡುವವನಿಗೂ ಅದು ಒಂದೇ ಹಣೆಪಟ್ಟಿ. ಕನ್ನಡ, ತಮಿಳು, ತೆಲುಗು, ಉರ್ದು ಕೂಡಿ ಬಾಳುವ ಉರಿಗಾಂನಲ್ಲಿ ಮುಸ್ಲಿಮರೆಂಬ ಕಾರಣಕ್ಕೆ ಯಾರಾದರೂ ಬಾಡಿಗೆಗೆ ಮನೆ ಕೊಡಲೊಲ್ಲೆನೆಂದರೆ, ಅದು ಧರ್ಮಗ್ರಂಥದ ವಿಮರ್ಶೆಯಲ್ಲ. ಆ ನಡತೆಗೆ ‘ಮುಸ್ಲಿಂದ್ವೇಷ’ವೇ ಸಲ್ಲುವ ಪದ. ಬರಿಯ ಅಪನಂಬಿಕೆಗೆ ಈ ಪದ ಭಾರವಾದೀತು, ನಿಜ. ಅದನ್ನು ಅಪನಂಬಿಕೆಯೆಂದೇ ಕರೆಯಲು ಅಡ್ಡಿಯೇನು?