ಅಣಬೆಯ ಇಳುವರಿ ಮತ್ತು ಪೂರಕ ಪೋಷಕ: ಒಂದು ವಿಮರ್ಶೆ

ಗುಂಡಿ ಅಣಬೆಯ ಇಳುವರಿ ಹೆಚ್ಚಿದ ಚರಿತ್ರೆಯನ್ನು ನಿರೂಪಿಸುವವರು ಅದರ ಕೀರ್ತಿಯನ್ನೆಲ್ಲ ಕಾಂಪೋಸ್ಟಿಗೆ ಬೆರೆಸಿದ ಪೋಷಕಕ್ಕೇ ಸಲ್ಲಿಸುವುದುಂಟು. ಈ ನಿರೂಪಣೆ ಅಪೂರ್ಣವಾದುದು. ಅಮೆರಿಕದ ಷಿಸ್ಲರ್ ಮತ್ತು ಸಿಂಡೆನ್ ಎಂಬ ವಿದ್ವಾಂಸರು, ಬಿತ್ತನೆಯ ಕಾಲದಲ್ಲಿಯೇ ಪೋಷಕ ಬೆರೆಸುವ ಕ್ರಮವನ್ನು ಕುರಿತು 1962ರಲ್ಲಿ ಬರೆದರು. ಆದರೆ ಸಂಸ್ಕರಿಸದ ಹಿಂಡಿಹಿಟ್ಟು ಅಣಬೆಗಿಂತ ಮೊದಲು ಬೂಷ್ಟಿಗೆ ಆಹಾರವಾಗುತ್ತದೆ. ಪಾತಿ ಅತಿಯಾಗಿ ಕಾದು ಕವಕಜಾಲವೇ ನಾಶವಾಗಬಹುದು. ಕ್ಯಾರಲ್ ಮತ್ತು ಷಿಸ್ಲರ್ 1976ರಲ್ಲಿ ಸಸ್ಯತೈಲದ ಹನಿಗಳಿಗೆ ಪ್ರೋಟೀನಿನ ಕವಚ ತೊಡಿಸಿ, ಪೋಷಕವು ತಡವಾಗಿ, ಮೆಲ್ಲನೆ ಒದಗುವ ದಾರಿಯನ್ನು ತೋರಿದರು. ಆದುದರಿಂದ ಶ್ರೇಯಸ್ಸಿನ ದೊಡ್ಡ ಪಾಲು ಉಣಿಸಿದ ಪ್ರಮಾಣಕ್ಕಿಂತ, ತಡೆದು ಉಣಿಸಿದ ವಿವೇಕಕ್ಕೆ ಸಲ್ಲಬೇಕು. ಈ ಭೇದವನ್ನು ಮರೆತ ಚರಿತ್ರೆಯನ್ನು ನಂಬಿ ಹಿಟ್ಟನ್ನು ಸುರಿಯುವ ಸಣ್ಣ ಬೆಳೆಗಾರನು, ಹೆಚ್ಚಿನ ಫಲದ ಆಸೆಯಿಂದ ಇದ್ದ ಪಾತಿಯನ್ನೂ ಕಳೆದುಕೊಂಡಾನು.