ಪ್ರಸ್ತಾರವೂ ಕ್ವಾಂಟಮ್ ರೂಪಾಂತರವೂ

ಪಿಂಗಲನ ಪ್ರಸ್ತಾರದಲ್ಲಿಯೇ ಇಂದಿನ ಕ್ವಾಂಟಮ್ ಗಣನೆಯು ಅಡಗಿರುವುದೆಂಬ ಮಾತು ಈಚೆಗೆ ಕೇಳಿಬರುತ್ತಿರುವುದು. ಯಳವತ್ತಿಯಲ್ಲಿ ನಮ್ಮಲ್ಲಿ ಛಂದಸ್ಸನ್ನೋದುವ ವಿದ್ಯಾರ್ಥಿಯೊಬ್ಬನು ಇದು ನಿಜವೇ ಎಂದು ಕೇಳಲಾಗಿ, ಅಭಿಮಾನವನ್ನು ಬದಿಗಿಟ್ಟು ವಿಚಾರಿಸುವುದು ಅವಶ್ಯವಾಯಿತು.

ಗುರುಲಘುಗಳ ಸಮಸ್ತ ವಿನ್ಯಾಸಗಳನ್ನು ಕ್ರಮವಾಗಿ ಬರೆಯುವುದೇ ಪ್ರಸ್ತಾರವು. ಪಾದಕ್ಕೆ 10 ಅಕ್ಷರಗಳುಳ್ಳ ಛಂದಸ್ಸಿನಲ್ಲಿ ಇವು 1024 ಆಗುವುವು. ಕ್ವಾಂಟಮ್ ಯಂತ್ರದ ಮೂಲಘಟಕವಾದ ಕ್ಯೂಬಿಟ್ಟಿಗೂ ಎರಡೇ ಮೂಲಸ್ಥಿತಿಗಳು; 10 ಕ್ಯೂಬಿಟ್ಟುಗಳಿಗೆ 1024. ಸಾದೃಶ್ಯವು ಇಲ್ಲಿಯವರೆಗೆ ಸರಿ. ಆದರೆ ಪ್ರಸ್ತಾರದಲ್ಲಿ ಒಂದು ಸಾಲು ಮತ್ತೊಂದನ್ನು ಅಳಿಸದು. ಕ್ವಾಂಟಮ್ ಸ್ಥಿತಿಗಳಿಗಾದರೋ ಧನಋಣಾದಿ ಸಹಗುಣಕಗಳಿದ್ದು, ಅವು ಅಲೆಗಳಂತೆ ಕೂಡಿ ಬೆಳೆಯುವುವು, ಇಲ್ಲವೆ ಒಂದನ್ನೊಂದು ಅಳಿಸುವುವು. ಈ ವ್ಯತಿಕರಣವೇ ಆ ಶಾಸ್ತ್ರದ ಜೀವವು. ಇದು ಪಿಂಗಲನಲ್ಲಿಯೂ ಇಲ್ಲ. ಷಟ್ಪ್ರತ್ಯಯಗಳನ್ನು ಕನ್ನಡದಲ್ಲಿ ನಿರೂಪಿಸಿದ ನಾಗವರ್ಮನ ಛಂದೋಂಬುಧಿಯಲ್ಲಿಯೂ ಇಲ್ಲ.

ಸಂಖ್ಯಾಶ್ರೇಣಿಯಲ್ಲಿ ಅಡಗಿದ ಆವರ್ತವನ್ನು ಹೊರಗೆಡಹುವ ಫೂರಿಯೇ ರೂಪಾಂತರವನ್ನು ನೋಡಿರಿ. 1024 ಸಂಖ್ಯೆಗಳಿಗೆ, ಕೂಲಿ ಮತ್ತು ಟ್ಯೂಕಿ 1965ರಲ್ಲಿ ಪ್ರಕಟಿಸಿದ ಶೀಘ್ರಕ್ರಮದಲ್ಲಿ ಸುಮಾರು 10,000 ಕ್ರಿಯೆಗಳು ಬೇಕು. ಕ್ವಾಂಟಮ್ ಕ್ರಮದಲ್ಲಿ ಒಂಟಿ ಕ್ಯೂಬಿಟ್ಟಿನ ಮೇಲೆ 10, ಜೋಡಿಗಳ ಮೇಲೆ 45, ಹೀಗೆ 55 ಕ್ರಿಯೆಗಳೂ ಕಡೆಯ ಕೆಲವು ಸ್ಥಾನಪಲ್ಲಟಗಳೂ ಸಾಕು. ಆದರೆ ಫಲವಾದ 1024 ಸಹಗುಣಕಗಳನ್ನು ಓದಲಾಗದು. ಅಳೆದಾಗ ಒಂದೇ ಸ್ಥಿತಿಯು ದೊರೆಯುವುದು. ಆದುದರಿಂದಲೇ ಪೀಟರ್ ಶೋರನು 1994ರಲ್ಲಿ ಸಂಖ್ಯೆಗಳನ್ನು ಅಪವರ್ತನಗಳಾಗಿ ಒಡೆಯಲು ಇದನ್ನು ಬಳಸಿದಾಗ, ಕೇಳಿದುದು ಇಡಿಯ ಪಟ್ಟಿಯನ್ನಲ್ಲ, ಆವರ್ತದ ಅವಧಿಯೊಂದನ್ನೇ.

ಹಾಗಾದರೆ ಬಾಂಧವ್ಯವೇ ಇಲ್ಲವೆ? ಇದೆ, ಅದು ಪ್ರಸ್ತಾರದಲ್ಲಲ್ಲ, ನಷ್ಟ ಮತ್ತು ಸಂಖ್ಯೆ ಎಂಬ ಪ್ರತ್ಯಯಗಳಲ್ಲಿ. ಮೂರಕ್ಷರದ ಪ್ರಸ್ತಾರದಲ್ಲಿ 6ನೆಯದು ಯಾವುದು? 6 ಸಮ, ಲಘು. ಅದರರ್ಧ 3 ವಿಷಮ, ಗುರು. ಒಂದು ಕೂಡಿಸಿ ಅರ್ಧಿಸಲು 2, ಸಮ, ಲಘು. ಜಗಣವು ಸಿದ್ಧಿಸಿತು, ಪಟ್ಟಿಯನ್ನು ಬರೆಯಲೇ ಇಲ್ಲ. ಸಂಖ್ಯೆಯನ್ನು ಪಡೆಯಲು ಪಿಂಗಲನು ಹೇಳಿದುದು ವರ್ಗಿಸುವ, ಇಮ್ಮಡಿಸುವ ಕ್ರಮ. ಶೋರನ ಗಣನೆಯಲ್ಲಿ ಘಾತಗಳನ್ನು ಪಡೆಯುವುದೂ ಮರಳಿಮರಳಿ ವರ್ಗಿಸುವ ಇದೇ ಜಾತಿಯ ಉಪಾಯದಿಂದ. ಎಲ್ಲವನ್ನೂ ಹರಡದೆ ಬೇಕಾದುದನ್ನು ಮಾತ್ರ ಪಡೆಯುವ ಲಾಘವವೇ ಉಭಯಸಾಮಾನ್ಯವು.

ಇಲ್ಲದುದನ್ನು ಪೂರ್ವಾಚಾರ್ಯರಲ್ಲಿ ಆರೋಪಿಸಿದರೆ, ಇರುವುದರಲ್ಲಿಯೂ ಜನರಿಗೆ ಸಂಶಯ ಹುಟ್ಟುವುದು. ಗಣಗಳ ಹೆಸರನ್ನು ಉರುಹೊಡೆಸಿ ಷಟ್ಪ್ರತ್ಯಯಗಳನ್ನು ಕೈಬಿಡುವ ಅಧ್ಯಾಪಕರು, ನಷ್ಟವನ್ನೊಂದು ದಿನ ಲೆಕ್ಕಮಾಡಿಸಿ ತೋರಿಸಲಿ. ಪಿಂಗಲನಾಗವರ್ಮರಿಗೆ ಅದೇ ಸಲ್ಲತಕ್ಕ ಗೌರವವು.