ಗಾಜಿನಾಚೆಯ ಮಾತು

ಬೆಟ್ಟದಪುರದಂಥ ಹೊಗೆಸೊಪ್ಪಿನ ಸೀಮೆಯಲ್ಲಿ ರೈತ ಬ್ಯಾಂಕಿನ ಗಾಜಿನ ಕೋಣೆಯಲ್ಲಿ ಕೂತು ಸಾಲದ ಮಾತಾಡುವುದು ಎಲ್ಲರ ಕಣ್ಣಿಗೂ ಬೀಳುತ್ತದೆ; ಕಿವಿಗೆ ಬೀಳಬಾರದು. ಸದ್ದು ತಡೆಯುವ ಗಾಜಿನ ಗೋಡೆ ಕಟ್ಟಿ ಆ ಮರ್ಯಾದೆ ಕಾಯುವ ಕಸುಬು ನನಗೆ ಬಹಳ ಇಷ್ಟ.

12 ಮಿ.ಮೀ. ಒಂಟಿ ಗಾಜು ತನ್ನ ತೂಕದಿಂದ ಸದ್ದು ತಡೆದರೂ ಮಾತಿನ ಕೆಲವು ಸ್ವರಗಳಿಗೆ ತಾನೇ ಮಿಡಿದು ದಾರಿ ಬಿಡುತ್ತದೆ. ಎರಡು ಗಾಜುಗಳ ನಡುವೆ 0.76 ಮಿ.ಮೀ. ಪಿವಿಬಿ ಎಂಬ ಪ್ಲಾಸ್ಟಿಕ್ ಪದರ ಕೂರಿಸಿದರೆ ಆ ಮಿಡಿತವನ್ನು ಅದು ಹೀರಿಕೊಳ್ಳುತ್ತದೆ.

ನಿಜವಾದ ಕೈಚಳಕ ಇರುವುದು ಅಂಚಿನಲ್ಲಿ. ಗೋಡೆಯ ನೂರನೇ ಒಂದು ಪಾಲು ಸಂದು ಉಳಿದರೂ ಸಾಕು, ಎಂಥ ದುಬಾರಿ ಗಾಜಿದ್ದರೂ ತಡೆ 20 ಡೆಸಿಬೆಲ್ ದಾಟದು. ಸಂದಿಗೆ ಸಿಲಿಕೋನ್ ತುಂಬಿ, ಬಾಗಿಲಡಿಗೆ ರಬ್ಬರ್ ಪಟ್ಟಿ ಕೂರಿಸಿ, ಫಾಲ್ಸ್ ಸೀಲಿಂಗಿನ ಮೇಲೂ ಗೋಡೆಯನ್ನು ಚಾವಣಿಗೆ ಮುಟ್ಟಿಸುವ ಕೆಲಸಗಾರನ ಕೈ ನನಗೆ ಗಾಜಿಗಿಂತ ಹೆಚ್ಚು.